ಕುಂಭದ ಸಾಲು

ನವೆಂಬರ್ 17, ಸೋಮವಾರ

ಸಾರಿಗೆ ಉಪ್ಪು ಕಡಿಮೆ ಇತ್ತು. ಹೇಳಿದೆ. ಅಡುಗೆಯವರು ಮುಖ ಊದಿಸಿಕೊಂಡರು. ಬಿಸಿಯೂಟ ಬಡಿಸುವ ಮೊದಲು ಶಾಲೆಯ ಮುಖ್ಯಸ್ಥರು ರುಚಿ ನೋಡಬೇಕು ಅಂತ ನಿಯಮ. ಹಳೇ ಹೆಚ್.ಎಂ. ಸಾರ್ ದಿನಾ ಒಂದು ತುತ್ತು ಬಾಯಿಗೆ ಹಾಕಿ 'ಸೂಪರ್' ಅಂದು ಹೋಗುತ್ತಿದ್ದರು. ಅವರು ದೇವರಂಥವರು. ನಾನು 'ಅತ್ತೆ ಬಂದ್ಲು ಅತ್ತೆ'. ಒಳಗಿನಿಂದ ಕೇಳಿಸಿತು. ಕೇಳಿಸಲಿ ಅಂತಲೇ ಅಂದದ್ದು.

ಜೂನ್‌ನಲ್ಲಿ ಅವರು ರಿಟೈರ್ ಆದಾಗಿನಿಂದ ನಾನೇ ಪ್ರಭಾರ. ಖಾಯಂ ಮಾಡುವ ಫೈಲು ಆಡಳಿತ ಮಂಡಳಿಯ ಮುಂದಿದೆ. ಅವರ ಕುರ್ಚಿಯಲ್ಲಿ ಕೂತರೆ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಕೆಳಗೊಂದು ಮಣೆ ಇಟ್ಟುಕೊಂಡಿದ್ದೇನೆ. ಬೇರೆ ಕುರ್ಚಿ ಕೊಡಿಸಿ ಅಂತ ಕೇಳಿದ್ದಕ್ಕೆ 'ಆರ್ಡರ್ ಬರಲಿ, ನೋಡೋಣ' ಎಂಬ ಉತ್ತರ.

ಮಧ್ಯಾಹ್ನ ಮತ್ತೆ ಆ ಬಿಸಿ. ಕುತ್ತಿಗೆಯಿಂದ ಕಿವಿಯವರೆಗೆ ಧಗ್ಗಂತ ಏರಿತು. ಈ ಚಳಿಯಲ್ಲಿ ಫ್ಯಾನ್ ಹಾಕು ಅಂದರೆ ಅಟೆಂಡರ್ ಕೆಂಪಯ್ಯ ನನ್ನ ಮುಖವನ್ನೇ ನೋಡುತ್ತಾನೆ. ಡಾಕ್ಟರಮ್ಮ ಹೇಳಿದ್ದಾರಲ್ಲ — 'ಮುಟ್ಟು ನಿಂತು ವರ್ಷದ ಮೇಲಾಯ್ತು, ಇನ್ನು ಬರಲ್ಲ ಬಿಡಿ. ಈ ಬಿಸಿ ಸ್ವಲ್ಪ ದಿನ ಕಾಡಿಸುತ್ತೆ.' ಖುಷಿಪಡಬೇಕೋ ಬೇಜಾರುಪಡಬೇಕೋ ಇನ್ನೂ ತಿಳಿದಿಲ್ಲ. ಮನೆಯಲ್ಲಿ ಬಿಟ್ಟರೆ ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನಿದೆ.

ನವೆಂಬರ್ 20, ಗುರುವಾರ

ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು ಬಂದಿದ್ದರು. ಜನವರಿ ಹತ್ತಕ್ಕೆ ಶಾಲೆಯ ಬೆಳ್ಳಿಹಬ್ಬ. ಮಂತ್ರಿಗಳನ್ನು ಕರೆಯುತ್ತಾರಂತೆ. ಹೊಸ ಸಭಾಂಗಣ ಕಟ್ಟಿಸಿಕೊಟ್ಟ ಚಿಕ್ಕಬಸವಯ್ಯನವರಿಗೆ ಸನ್ಮಾನ.

'ಇಪ್ಪತ್ತೈದು ವರ್ಷಕ್ಕೆ ಇಪ್ಪತ್ತೈದು ಪೂರ್ಣಕುಂಭ, ತಾಯಿ. ಗೇಟಿನಿಂದ ವೇದಿಕೆವರೆಗೂ ಎರಡು ಸಾಲು. ಹೆಣ್ಣುಮಕ್ಕಳಿಗೆಲ್ಲ ಒಂದೇ ಥರ ಸೀರೆ. ನಾಳೆಯಿಂದ್ಲೇ ಪ್ರಾಕ್ಟೀಸ್ ಶುರು ಮಾಡ್ಸಿ.'

ಎಲ್ಲರೂ ಹತ್ತನೇ ತರಗತಿಯ ಹುಡುಗಿಯರೇ ಬೇಕಂತೆ. ಎತ್ತರ ಸರಿಹೋಗುತ್ತಂತೆ. ಹತ್ತನೇ ತರಗತಿಗೆ ಪರೀಕ್ಷೆ ಇರುವುದು ಮಾರ್ಚ್‌ನಲ್ಲಿ ಸಾರ್, ಅಂದೆ. 'ಅಯ್ಯೋ ತಾಯಿ, ದಿನಾ ಒಂದು ಪೀರಿಯಡ್ಡು ಹೋದ್ರೆ ಆಕಾಶ ಕಳಚಿ ಬೀಳುತ್ತಾ?' ಅಂದರು.

ಹಳೇ ಹೆಚ್.ಎಂ. ಅವರನ್ನು ಇವರು 'ಸಾರ್' ಅನ್ನುತ್ತಿದ್ದರು. ನನ್ನನ್ನು 'ತಾಯಿ'. ಸಾರ್ ಅಂದವನ ಹತ್ತಿರ ವಾದ ಮಾಡಬಹುದು. ತಾಯಿ ಅಂದವನ ಹತ್ತಿರ ಏನು ಮಾಡೋದು? ಕೈ ಮುಗಿದು ಬಾಯಿ ಕಟ್ಟುತ್ತಾರೆ. ಕನ್ನಡ ಮೇಷ್ಟ್ರು ನಾನು, ಇಷ್ಟು ವರ್ಷ ಪಾಠ ಮಾಡಿದರೂ ಈ ಮಾತಿಗೆ ಎದುರು ಮಾತು ಸಿಕ್ಕಿಲ್ಲ.

ನವೆಂಬರ್ 21, ಶುಕ್ರವಾರ

ಅವ್ವನ ಹತ್ತಿರ ಕೂಗಾಡಿದೆ. ಕುಂಭ ಹೊರಿಸಬೇಕಂತೆ, ಹುಡುಗರ ಕೈಗೆ ಯಾಕೆ ಕೊಡಬಾರದು, ಅವರ ಕೈಗೇನು ಲಕ್ವ ಹೊಡೆದಿದೆಯಾ ಅಂತೆಲ್ಲ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

'ಅಲ್ಲ ಕಣವ್ವ, ಮಾರಮ್ಮನ ಹಬ್ಬದಲ್ಲಿ ಕರಗ ಹೊರ್ತಿದ್ದೋನು ಯಾರು? ನಿಮ್ಮಪ್ಪ ಸಿದ್ದಪ್ಪಾಜಿ ತಾನೆ? ಮೂಗಿಗೆ ನತ್ತು ಇಕ್ಕೊಂಡು, ಮಲ್ಲಿಗೆ ಮುಡ್ಕೊಂಡು... ಆಗ ಯಾವ ಗಂಡ್ಸೂ ನಗ್ನಿಲ್ಲ. ಅಡ್ಡಬಿದ್ರು. ಓಗಿ ಅಂಗೇ ಕೇಳು ನಿಮ್ಮ ಸೆಕ್ರೆಟ್ರಿನ.'

ನಾನೂ ನಕ್ಕುಬಿಟ್ಟೆ. ಕೇಳುತ್ತೇನೆ. ಕೇಳಿಯೇ ಕೇಳುತ್ತೇನೆ.

ನವೆಂಬರ್ 24, ಸೋಮವಾರ

ಕೇಳಿದೆ. 'ಅರ್ಧ ಹುಡುಗರು, ಅರ್ಧ ಹುಡುಗಿಯರು ಹೊರಲಿ ಸಾರ್. ಕರಗ ಗಂಡಸರೇ ಹೊರೋದಲ್ವಾ?'

ವೆಂಕಟಸುಬ್ಬಯ್ಯನವರು ಸಿಟ್ಟಾಗಲಿಲ್ಲ. ನಕ್ಕರು. 'ಅದು ದೇವರ ಕಾರ್ಯ ತಾಯಿ. ಇದು ಸಭೆಗೆ ಅಲಂಕಾರ.'

ಅಲಂಕಾರ. ಅಷ್ಟು ನೇರವಾಗಿ ಹೇಳಿಬಿಟ್ಟರು. ಪಕ್ಕದಲ್ಲಿ ಗಣಿತದ ರವಿಚಂದ್ರ ಮೇಷ್ಟ್ರು ಕೂತಿದ್ದರು. ಸೀನಿಯಾರಿಟಿಯಲ್ಲಿ ನನ್ನ ನಂತರದವರು. ನನಗೆ ಆಗದಿದ್ದರೆ ಅವರಿಗೇ ಆ ಕುರ್ಚಿ. ಅವರೂ ನಕ್ಕರು. ಹೋಗುವಾಗ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು, 'ಬೆಳ್ಳಿಹಬ್ಬ ಚೆನ್ನಾಗಿ ಆಗ್ಲಿ. ಆಮೇಲೆ ನಿಮ್ಮ ಫೈಲು ತಗೊಳ್ಳೋಣ' ಅಂದರು. ದನಿಯಲ್ಲಿ ಬೆದರಿಕೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆಯ್ತು ಸಾರ್ ಅಂದೆ. ಅಂದುಬಿಟ್ಟೆ.

ಡಿಸೆಂಬರ್ 9, ಮಂಗಳವಾರ

ಹದಿನೈದು ದಿನ ಬರೆದಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಇವತ್ತು ರೌಂಡ್ಸ್ ಹೋದೆ. ಹತ್ತನೇ ತರಗತಿಯಲ್ಲಿ ಗಣಿತ ನಡೆಯುತ್ತಿತ್ತು. ಬೆಂಚುಗಳ ಮೇಲೆ ಬರೀ ಹುಡುಗರು. ಎಡಗಡೆ ಸಾಲು ಪೂರ್ತಿ ಖಾಲಿ. ರವಿಚಂದ್ರ ಮೇಷ್ಟ್ರು ಬೋರ್ಡಿನ ಮೇಲೆ ತ್ರಿಕೋನಮಿತಿ ಶುರು ಮಾಡಿದ್ದಾರೆ. ಹುಡುಗಿಯರು? 'ಆಮೇಲೆ ನೋಟ್ಸ್ ಕಾಪಿ ಮಾಡ್ಕೊಳ್ತಾರೆ ಬಿಡಿ ಮೇಡಂ.'

ಹುಡುಗಿಯರು ಫೀಲ್ಡ್‌ನಲ್ಲಿ. ಹೊಲಿಗೆ ಟೀಚರ್ ಧರಣಿ ಸಾಲು ಮಾಡಿಸಿ ನಡೆಸುತ್ತಿದ್ದಾಳೆ. ಕೈಯಲ್ಲಿ ನೀರು ತುಂಬಿದ ಸ್ಟೀಲ್ ಚೊಂಬು, ತುಳುಕಬಾರದು. 'ನಗ್ತಾ ನಡೀರಿ, ಹಲ್ಲು ಕಾಣಬಾರ್ದು.' ಈ ಥರ ನಗುವುದು ಹೇಗೆ ಅಂತ ನನಗೂ ತಿಳಿಯದು.

ಎರಡನೇ ಸಾಲಿನ ಮೊದಲಿಗಳು ಗಗನ. ಹಿನಕಲ್ ಹುಡುಗಿ. ಅವರ ಹೊಲ ಇದ್ದ ಜಾಗದಲ್ಲಿ ಈಗ ಲೇಔಟ್. ತಂದೆ ಇಲ್ಲ. ತಾಯಿ ಬೆಟ್ಟಮ್ಮ ಹಾಸ್ಟೆಲ್ ಒಂದರಲ್ಲಿ ಚಪಾತಿ ಒತ್ತುತ್ತಾರೆ. ಕಳೆದ ವರ್ಷ ಗಣಿತದಲ್ಲಿ ಶಾಲೆಗೇ ಮೊದಲು ಬಂದವಳು ಇವಳು. ಡಿಪ್ಲೊಮಾ ಮಾಡಬೇಕು, ಮೇಟಗಳ್ಳಿಯ ಫ್ಯಾಕ್ಟರಿಗಳಲ್ಲಿ ಮೆಷಿನ್ ಮುಂದೆ ನಿಲ್ಲಬೇಕು, ಕ್ಯಾಂಟೀನಿನಲ್ಲಲ್ಲ ಅಂತ ಎಂಟನೇ ತರಗತಿಯಲ್ಲೇ ಪ್ರಬಂಧ ಬರೆದಿದ್ದಳು. ನಾನೇ ಹತ್ತಕ್ಕೆ ಹತ್ತು ಕೊಟ್ಟಿದ್ದೆ.

ನನ್ನನ್ನು ನೋಡಿ ಸಾಲು ಬಿಟ್ಟು ಬಂದಳು. 'ಮಿಸ್, ಹುಡುಗ್ರಿಗೆ ಟ್ರಿಗ್ನಾಮೆಟ್ರಿ ಆಗ್ತಿದೆ. ನಮ್ಗೆ ಚೊಂಬು ಆಗ್ತಿದೆ.'

ಬಾಯಿ ಜೋರು. ಗದರಬೇಕಿತ್ತು.

ಡಿಸೆಂಬರ್ 12, ಶುಕ್ರವಾರ

ಪ್ರಾಕ್ಟೀಸ್ ಶಾಲೆ ಬಿಟ್ಟ ಮೇಲೆ ಮಾಡಿ ಅಂತ ಆರ್ಡರ್ ಮಾಡಿದೆ. ಮೊನ್ನೆ, ನಿನ್ನೆ ಹಾಗೇ ನಡೆಯಿತು. ಹುಡುಗಿಯರು ಗಣಿತದಲ್ಲಿ ಕೂತರು. ಇವತ್ತು ಕಾರ್ಯದರ್ಶಿಗಳ ಫೋನ್.

'ತಾಯಿ, ಹೆಣ್ಣುಮಕ್ಕಳು. ಮನೆ ಸೇರೋ ಹೊತ್ತಿಗೆ ಕತ್ತಲಾಗುತ್ತೆ. ಹೆಚ್ಚು ಕಮ್ಮಿ ಆದ್ರೆ ಜವಾಬ್ದಾರಿ ಯಾರು?'

ಸರಿ, ಬೆಳಿಗ್ಗೆ ಬೇಗ ಕರೆಸೋಣ ಅಂದರೆ ಧರಣಿ ಅಳುಮುಖ ಮಾಡಿದಳು. 'ಮಕ್ಕಳೆಲ್ಲ ಮನೇಲಿ ಪಾತ್ರೆ ತೊಳ್ದು, ತಿಂಡಿ ಮುಗಿಸಿ ಬರ್ಬೇಕು ಮಿಸ್.' ಬೆಳಿಗ್ಗೆ ಮನೆಕೆಲಸ. ಸಂಜೆ ಕತ್ತಲು. ಉಳಿದದ್ದು ಗಣಿತದ ಪೀರಿಯಡ್ಡೇ. ಎಂಥ ಲೆಕ್ಕ! ಯಾರೂ ಮೋಸ ಮಾಡಿಲ್ಲ, ಎಲ್ಲರೂ ಹುಡುಗಿಯರ ಒಳ್ಳೆಯದಕ್ಕೇ ಹೇಳಿದ್ದಾರೆ. ಕಡೆಗೆ ಪಾಠ ಹೋದದ್ದು ಮಾತ್ರ ಹುಡುಗಿಯರದೇ.

ಡಿಸೆಂಬರ್ 30, ಮಂಗಳವಾರ

ಟೆಸ್ಟ್ ಮಾರ್ಕ್ಸ್ ಬಂತು. ಗಣಿತದಲ್ಲಿ ಹುಡುಗಿಯರು ನೆಲಕಚ್ಚಿದ್ದಾರೆ. ಗಗನ ಕೂಡ. ಸ್ಟಾಫ್‌ರೂಮಿನಲ್ಲಿ ರವಿಚಂದ್ರ ಮೇಷ್ಟ್ರು ಟೀ ಹೀರುತ್ತಾ, 'ಹೈಸ್ಕೂಲಿಗೆ ಬಂದ್ಮೇಲೆ ಹುಡುಗೀರಿಗೆ ಲೆಕ್ಕ ತಲೆಗೆ ಹತ್ತಲ್ಲ ಮೇಡಂ. ನ್ಯಾಚುರಲ್. ನಿಮ್ಮ ಕನ್ನಡದಲ್ಲಿ ಎತ್ಕೊಳ್ತಾರೆ' ಅಂದರು.

'ಪಾಠ ಮಾಡಿದ್ರೆ ಹತ್ತುತ್ತೆ ಸಾರ್.'

'ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ.' ಎಲ್ಲರೂ ನಕ್ಕರು. ಇಬ್ಬರು ಲೇಡಿ ಟೀಚರ್ಸೂ ನಕ್ಕರು.

ಗಾದೆಯನ್ನು ವಿಸ್ತರಿಸಿ ಬರೆಯಿರಿ, ಮೂರು ಅಂಕ. ಇಷ್ಟು ವರ್ಷ ನಾನೇ ಈ ಗಾದೆ ಕೊಟ್ಟು ಬರೆಸಿದ್ದೇನಲ್ಲ, ನೆಲ ನಿಜವಾಗಿ ಡೊಂಕಿದ್ದರೆ ಅಂತ ಒಂದು ಮಗುವೂ ಬರೆಯಲಿಲ್ಲ.

ಜನವರಿ 9, ಶುಕ್ರವಾರ

ನಾಳೆ ಬೆಳ್ಳಿಹಬ್ಬ. ಶಾಮಿಯಾನ ಬಂತು. ಹಿತ್ತಾಳೆ ಕುಂಭ ಬಾಡಿಗೆಗೆ ಬಂತು, ಮಾವಿನಸೊಪ್ಪು, ತೆಂಗಿನಕಾಯಿ ಬಂತು.

ಸಂಜೆ ಧರಣಿ ಮೂಗು ಒರೆಸಿಕೊಳ್ಳುತ್ತಾ ಬಂದಳು. ಪದ್ಧತಿಯಂತೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೇಳಿದ್ದಾಳೆ — 'ನಾಳೆಗೆ ಯಾರ್ಯಾರು ಹೊರಗಾಗಿರ್ತೀರಿ, ಈಗ್ಲೇ ಹೇಳಿ, ಬದ್ಲಿ ಹಾಕ್ಬೇಕು.' ಮುಟ್ಟಾದವರು ಕುಂಭ ಮುಟ್ಟಬಾರದು. ಮೂವರು ತಲೆತಗ್ಗಿಸಿ ಪಕ್ಕಕ್ಕೆ ಸರಿದರಂತೆ. ಕಾರಿಡಾರಿನಲ್ಲಿ ಹುಡುಗರೆಲ್ಲ ನಿಂತು ನೋಡುತ್ತಿದ್ದರಂತೆ. ಗಗನ ಸರಿಯಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

'ನಾನು ಹೇಳಲ್ಲ ಮಿಸ್, ಅಂದ್ಬುಟ್ಳು! ಆಗಿದ್ರೂ ಹೇಳಲ್ಲ, ಆಗ್ದೇ ಇದ್ರೂ ಹೇಳಲ್ಲ, ಅಂತ. ಎಲ್ರ ಎದುರಿಗೆ. ನಾನೇನು ಮಾಡ್ಲಿ? ನನ್ನನ್ನೂ ಹಿಂಗೇ ಕೇಳ್ತಿದ್ರು, ನಾನು ಹೇಳ್ತಿದ್ದೆ.'

ಪಾಪ, ಧರಣಿಯ ಮೇಲೆ ಏನು ಸಿಟ್ಟಾಗಲಿ. ಸಾಲಿನಲ್ಲೇ ಇರಲಿ ಬಿಡಮ್ಮ, ಇನ್ನು ಯಾರನ್ನೂ ಕೇಳಬೇಡ ಅಂದೆ.

ಮನಸ್ಸಿಗೆ ಒಂಥರಾ ಹಿತವಾಯಿತು. ನಾನು 'ಆಯ್ತು ಸಾರ್' ಅಂದ ಜಾಗದಲ್ಲಿ ಒಂದು ಹುಡುಗಿ 'ಹೇಳಲ್ಲ' ಅಂದಿದ್ದಾಳೆ.

ಜನವರಿ 11, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ.

ಹತ್ತೂವರೆಗೆ ಬರಬೇಕಿದ್ದ ಮಂತ್ರಿಗಳು ಮಧ್ಯಾಹ್ನವಾದರೂ ಬರಲಿಲ್ಲ. ಮಂಡಕಳ್ಳಿಯಲ್ಲಿ ವಿಮಾನ ಇಳಿಯುವುದೇ ತಡವಂತೆ. ಗಂಡಸರೆಲ್ಲ ಶಾಮಿಯಾನದ ಕೆಳಗೆ ಕೂತು ಮಜ್ಜಿಗೆ ಕುಡಿದರು. ಹುಡುಗಿಯರು ಗೇಟಿನಿಂದ ಸಾಲಾಗಿ ಬಿಸಿಲಲ್ಲಿ, ಬರಿಗಾಲಲ್ಲಿ. ಕೂರಿಸೋಣ ಅಂದೆ. 'ಇನ್ನೇನು ಬಂದ್ರು ತಾಯಿ, ರಿಂಗ್ ರೋಡ್ ದಾಟಿದ್ರಂತೆ.' ರಿಂಗ್ ರೋಡನ್ನು ಎಷ್ಟು ಸಲ ದಾಟಿದರೋ.

ಕಾರು ಬಂದಾಗ ನಾನು ವೇದಿಕೆಯ ಮೇಲಿದ್ದೆ. ವಾದ್ಯದವರು ಶುರುಮಾಡಿದರು. ಮಂತ್ರಿಗಳು ಇಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಗಗನ ಕುಸಿದಳು. ಕುಂಭ ಠಣ್ಣಂತ ಬಿತ್ತು. ನೀರು ಚೆಲ್ಲಿತು. ತೆಂಗಿನಕಾಯಿ ಉರುಳಿ ಹೋಗಿ ಚಿಕ್ಕಬಸವಯ್ಯನವರ ಕಾಲಿಗೆ ತಾಗಿ ನಿಂತಿತು. ಓಡಿ ಹೋದೆ. ಹುಡುಗಿಯ ಕೈಕಾಲು ತಣ್ಣಗಿತ್ತು. 'ತಿಂಡಿ ತಿಂದಿಲ್ಲ ಮಿಸ್, ಸೀರೆ ಉಡ್ಸೋಕೆ ಬೇಗ ಬನ್ನಿ ಅಂದಿದ್ರು' ಅಂದಳು ಅಷ್ಟೆ.

ಮಂತ್ರಿಗಳು ಪಕ್ಕ ಸರಿದು ನಡೆದರು. ಸಭೆ ನಡೆಯಿತು. ನಾನೂ ಹೋಗಿ ದೀಪ ಹಚ್ಚಿದೆ, ಚಿಕ್ಕಬಸವಯ್ಯನವರಿಗೆ ಹಾರ ಹಾಕಿದೆ, ಸ್ವಾಗತ ಭಾಷಣ ಮಾಡಿದೆ. ಪ್ರಾಸ್ತಾವಿಕ ಭಾಷಣ ರವಿಚಂದ್ರ ಮೇಷ್ಟ್ರದು. ಶಾಲೆಯ ಸಾಧನೆ ಅವರು ಹೇಳಬೇಕು, ಬನ್ನಿ ಕೂತ್ಕೊಳ್ಳಿ ಅಂತ ನಾನು ಹೇಳಬೇಕು.

ಜನವರಿ 14, ಬುಧವಾರ

ಚಿಕ್ಕಬಸವಯ್ಯನವರು ಸೋಮವಾರ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ. ಪಾಪ, ವಯಸ್ಸಾದವರು. ಆದರೆ ಸುದ್ದಿ ಹಬ್ಬಿರುವುದು ಬೇರೆ ಥರ. ಹುಡುಗಿ 'ಹೊರಗಿದ್ದಳಂತೆ'. ಟೀಚರ್ ಕೇಳಿದರೂ ಹೇಳಲಿಲ್ಲವಂತೆ. ಕುಂಭ ಬಿತ್ತು, ಕಾಯಿ ಹೋಗಿ ಅವರ ಕಾಲಿಗೇ ಹೊಡೆಯಿತು, ನೋಡಿ ಆಗಿಹೋಯ್ತು. ಬಿದ್ದ ವಿಡಿಯೋ ಪೋಷಕರ ಗ್ರೂಪಿನಲ್ಲೆಲ್ಲ ಓಡಾಡುತ್ತಿದೆ.

ಕಾರ್ಯದರ್ಶಿಗಳು ಕರೆಸಿ ಹೇಳಿದರು. ಶಾಂತಿ ಮಾಡಿಸುತ್ತಾರಂತೆ. ಅದಾಗುವವರೆಗೆ ಹುಡುಗಿ ಬರುವುದು ಬೇಡ. ಅವಳ ತಾಯಿ ಬಂದು ಕಮಿಟಿ ಮುಂದೆ ತಪ್ಪಾಯ್ತು ಅನ್ನಬೇಕು.

'ಯಾವ ತಪ್ಪು ಸಾರ್?'

'ನಿಮಗೆ ಗೊತ್ತಾಗಲ್ವಾ ತಾಯಿ, ನೀವೂ ಹೆಣ್ಣು.'

ಜನವರಿ 17, ಶನಿವಾರ

ಗಗನ ಈ ವಾರವಿಡೀ ಬಂದಿಲ್ಲ. ಶಾಲೆ ಬಿಟ್ಟ ಮೇಲೆ ಹಿನಕಲ್‌ಗೆ ಹೋದೆ.

ಬೆಟ್ಟಮ್ಮ ಕುರ್ಚಿ ಒರೆಸಿ ಕೊಟ್ಟರು. ಮಾತು ಮಾತ್ರ ಕಲ್ಲು. 'ಸಾಕು ಬುಡಿ ಮೇಡಮ್ಮಾರೇ, ಓದಿದ್ದು. ಮರ್ವಾದೆ ಓಯ್ತು. ಆಸ್ಟೆಲ್ಲಲ್ಲೂ ವಿಡ್ಯ ನೋಡವ್ರೆ. ನಿನ್ನ ಮಗ್ಳು ಅಂತೋಳಾ ಅಂದ್ರು. ಹೆಣ್ಣಿಗೆ ಹಟ ಇರಬಾರ್ದು, ಗಂಡಿಗೆ ಚಟ ಇರಬಾರ್ದು. ಇವ್ಳು ಕೇಳ್ದಾಗ ಬಾಯ್ಬುಟ್ಟು ಹೇಳಿದ್ರೆ ಇದೆಲ್ಲ ಇರ್ತಿತ್ತಾ? ನಮ್ಮಣ್ಣನ ಮನೆಗೆ ಕಳಿಸ್ತೀನಿ. ಅವ್ನ ಮಗ್ನಿಗೆ ಕೇಳ್ತಾವ್ನೆ.'

'ಹದಿನಾರು ಕಣಮ್ಮ ಅವಳಿಗೆ!'

'ಈಗ್ಲೇ ಮದ್ವೆ ಮಾಡ್ತೀನಿ ಅಂದ್ನಾ? ಅಲ್ಲಿರ್ಲಿ ಅಂದೆ.'

ಗಗನ ಒಳಗಿದ್ದಳು. ಕರೆದೆ. ಬರಲಿಲ್ಲ. ಬಾಗಿಲ ಸಂದಿಯಲ್ಲಿ ಕಾಲು ಮಾತ್ರ ಕಂಡಿತು. ಬಿಸಿಲಲ್ಲಿ ಸುಟ್ಟ ಪಾದಕ್ಕೆ ಅರಿಶಿನ ಹಚ್ಚಿದ್ದರು.

ಪ್ರಿಪರೇಟರಿ ಪರೀಕ್ಷೆ ಎದುರಿಗಿದೆ. ಈ ಹುಡುಗಿ ಈಗ ಬಿಟ್ಟರೆ ಬಿಟ್ಟಳು. ಎಷ್ಟು ಜನರನ್ನು ನೋಡಿಲ್ಲ, 'ಅಲ್ಲಿರ್ಲಿ' ಅಂತ ಹೋದವರನ್ನ. ಅವತ್ತು ಆಯ್ತು ಸಾರ್ ಅಂದ ಬಾಯಿಗೆ ಬೆಂಕಿ ಬೀಳಲಿ.

ಜನವರಿ 20, ಮಂಗಳವಾರ

ಕಮಿಟಿ ಮೀಟಿಂಗ್. ಕಾರ್ಯದರ್ಶಿಗಳು, ಉಳಿದ ಸದಸ್ಯರು, ಎಲ್ಲ ಗಂಡಸರು. ರವಿಚಂದ್ರ ಮೇಷ್ಟ್ರು ಶಿಕ್ಷಕರ ಪ್ರತಿನಿಧಿ. ನಾನೊಬ್ಬಳು.

ಏನು ಹೇಳಬೇಕು ಅಂತ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಬಿಸಿಲು, ಹಸಿವು, ಮಕ್ಕಳ ಹಕ್ಕು. ಒಂದೊಂದಾಗಿ ಹೇಳಿದೆ. ತಲೆ ಆಡಿಸಿದರು. ಕಡೆಗೆ ವೆಂಕಟಸುಬ್ಬಯ್ಯನವರು, 'ಎಲ್ಲ ಸರಿ ತಾಯಿ. ಆದ್ರೆ ಆ ಹುಡುಗಿ ಹೊರಗಿದ್ಲೋ ಇಲ್ವೋ? ಅದಕ್ಕೆ ಉತ್ತರ ಇಲ್ವಲ್ಲ. ತಾಯಿ ಬಂದು ಕ್ಷಮೆ ಕೇಳಿ ಮಗಳನ್ನ ಬಿಡಿಸ್ಕೊಂಡು ಹೋಗ್ಲಿ. ಶಾಲೆ ಹೆಸರು ಉಳಿಯುತ್ತೆ' ಅಂದರು. ಬಿಡಿಸಿಕೊಂಡು ಹೋಗಲಿ! ಮೊನ್ನೆ ಬರುವುದು ಬೇಡ ಅಂದಿದ್ದರು, ಇವತ್ತು ಇಲ್ಲಿಗೆ ಬಂತು.

ಆ ಬಿಸಿ ಏರಿತು. ಕುತ್ತಿಗೆ, ಕಿವಿ, ಹಣೆ. ಬೆವರು ಇಳಿಯಿತು. ಬಾಯಿಯಿಂದ ಬಂದೇ ಬಿಟ್ಟಿತು.

'ಗಗನ ಅಲ್ಲ ಸಾರ್. ಅವತ್ತು ಆಗಿದ್ದು ನನಗೆ.'

'ಏನು ತಾಯಿ?' ನಿಜವಾಗಿ ತಿಳಿಯಲಿಲ್ಲ ಅವರಿಗೆ.

'ಮುಟ್ಟು, ಸಾರ್. ನಾನು ಮುಟ್ಟಾಗಿದ್ದೆ. ದೀಪ ಹಚ್ಚಿದ್ದೂ ನಾನೇ. ಚಿಕ್ಕಬಸವಯ್ಯನವರಿಗೆ ಹಾರ ಹಾಕಿದ್ದೂ ನಾನೇ. ಯಾರ ಮೇಲಾದ್ರೂ ಬರೀಬೇಕು ಅಂದ್ರೆ ನನ್ನ ಮೇಲೆ ಬರೀರಿ. ಆ ಮಗು ತಂಟೆಗೆ ಹೋಗ್ಬೇಡಿ.'

ಒಬ್ಬರು ಫೋನ್ ನೋಡಿಕೊಂಡರು. ಒಬ್ಬರು ಕಿಟಕಿ. ರವಿಚಂದ್ರ ಮೇಷ್ಟ್ರ ಕಿವಿ ಕೆಂಪಗಾಗಿತ್ತು. ತ್ರಿಕೋನಮಿತಿ ಬಾಯಿಪಾಠ ಇರುವ ಮನುಷ್ಯನಿಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೇಳಿಸಬಹುದು. ಐವತ್ತು ಹತ್ತಿರ ಬಂದ ಹೆಂಗಸು ತಾನಾಗಿ ಹೇಳಿದರೆ ತಡೆಯಲಾಗದು.

ಮೀಟಿಂಗ್ ಬರ್ಖಾಸ್ತು.

ಜನವರಿ 21, ಬುಧವಾರ

ಸುಳ್ಳು ಹೇಳಿದೆ. ಇಲ್ಲಾದರೂ ನಿಜ ಬರೆಯಬೇಕಲ್ಲ. ನನಗೆ ನಿಂತು ವರ್ಷದ ಮೇಲಾಗಿದೆ.

ನನ್ನ ಗಂಡ ಪ್ರೇಮ್‌ಕುಮಾರ್‌ಗೆ ಅವರ ಫ್ಯಾಕ್ಟರಿಯಲ್ಲೇ ಯಾರೋ ಹೇಳಿದ್ದಾರೆ. ಊಟಕ್ಕೆ ಕೂತಾಗ, 'ಸುಳ್ಳು ಹೇಳು, ಬೇಡ ಅನ್ನಲ್ಲ. ಇದೇ ಸುಳ್ಳು ಬೇಕಿತ್ತಾ? ನನಗೊಂದು ಮಾತು ಹೇಳಬಹುದಿತ್ತಲ್ವಾ?' ಅಂದರು.

'ಏನಂತ ಹೇಳ್ಬೇಕಿತ್ತು? ಪರ್ಮಿಷನ್ ಬೇಕಿತ್ತಾ?'

'ಹಂಗಲ್ಲ ಕಣೇ...' ಅಂದವರು ತಟ್ಟೆಯಲ್ಲಿ ಅನ್ನ ಕಲಸತೊಡಗಿದರು. ಒಳ್ಳೆಯವರೇ. ಆದರೆ ಫ್ಯಾಕ್ಟರಿಯಲ್ಲಿ ನಾಚಿಕೆಯಾಗಿದೆ. ನನ್ನ ಮೈಯ ಸುದ್ದಿಗೆ ಅವರಿಗೆ ನಾಚಿಕೆ.

ಅವ್ವ ಮಾತ್ರ ಬಿದ್ದು ಬಿದ್ದು ನಕ್ಕಳು. 'ಓದ ಜೀವ ಮತ್ತೆ ಬಂತೇನೇ!' ಅಂದಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನಗೂ ಅಳು ಬಂತು.

ಕಾರ್ಯದರ್ಶಿಗಳು ಇವತ್ತು ಬಾಗಿಲಾಚೆಯೇ ನಿಂತು, 'ಮೇಡಂ, ಆ ಹುಡುಗಿ ಬರ್ಲಿ ಬಿಡಿ' ಅಂದರು. ತಾಯಿ ಅನ್ನುವುದು ನಿಂತಿತು. ಹೀಗೆ ನಿಲ್ಲಬಹುದು ಅಂತ ಗೊತ್ತಿದ್ದರೆ ಜೂನ್‌ನಲ್ಲೇ ಹೇಳುತ್ತಿದ್ದೆ.

ಜನವರಿ 23, ಶುಕ್ರವಾರ

ಬೆಟ್ಟಮ್ಮನ ಫೋನ್. ಧರಣಿ ಹೋಗಿ ಎಲ್ಲ ಹೇಳಿದ್ದಾಳಂತೆ. 'ನನ್ನ ಮಗ್ಳಲ್ಲ ಅಂತ ಗೊತ್ತಾಯ್ತಲ್ಲ, ಸದ್ಯ! ನಿಮ್ಮ ಕಾಲಿಗೆ ಬೀಳ್ತೀನಿ ಮೇಡಮ್ಮಾರೇ. ಸೋಮ್ವಾರ ಇಸ್ಕೂಲಲ್ಲಿ ಬಾವುಟದ ಹಬ್ಬ ಅಲ್ವಾ, ಮಂಗ್ಳವಾರ ಪುಸ್ತಕ ತಗೊಂಡು ಬತ್ತಾಳೆ.'

ಬರುತ್ತಾಳೆ! ಪಾಯಸ ಮಾಡಿಸಿದೆ ಮನೆಯಲ್ಲಿ. ಯಾಕೆ ಅಂತ ಪ್ರೇಮ್‌ಕುಮಾರ್ ಕೇಳಿದರು. ಸುಮ್ಮನೆ ಅಂದೆ.

ಜನವರಿ 27, ಮಂಗಳವಾರ

ಗಗನ ಬಂದಳು. ಊಟದ ಬೆಲ್ ಆದ ಮೇಲೆ ನನ್ನ ರೂಮಿಗೆ ಬಂದು ನಿಂತಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ. ನಾಚಿಕೆಯಾಗುತ್ತದೆ ಬರೆಯಲು, ಆದರೆ ಕಾದಿದ್ದೆ, ನಿಜ.

'ಮಿಸ್, ಒಂದು ಕೇಳ್ಲಾ? ಬೈಬಾರ್ದು.'

'ಕೇಳು.'

'ಅವತ್ತು ನಂಗೆ ಆಗಿರ್ಲಿಲ್ಲ ಮಿಸ್. ಇಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಪಕ್ಕಕ್ಕೆ ನಿಂತಿದ್ರಲ್ಲ ಮೂರು ಜನ, ಅವ್ರನ್ನ ಹುಡುಗ್ರೆಲ್ಲ ನೋಡ್ತಿದ್ರು. ಅದಕ್ಕೇ ಹೇಳ್ಲಿಲ್ಲ.' ಮೇಜಿನ ಅಂಚು ಹಿಡಿದುಕೊಂಡಳು. 'ನೀವು ಕಮಿಟಿಯಲ್ಲಿ, ಗಗನ ಅಲ್ಲ ನಾನು, ಅಂದ್ರಂತೆ. ಆಗಿದ್ರೆ ಏನೀಗ ಅಂತ ಯಾಕೆ ಕೇಳ್ಲಿಲ್ಲ ಮಿಸ್?'

ತೆರೆದಿದ್ದ ಹಾಜರಿ ಪುಸ್ತಕ ಮುಚ್ಚಿದೆ.

'ನಮ್ಮವ್ವ ದಿನಾ ಹೇಳ್ತಾಳೆ, ನೀನಲ್ವಂತೆ ಕಣವ್ವ, ಸದ್ಯ, ಅಂತ. ಆ ಸದ್ಯ ಅನ್ನೋದನ್ನ ಕೇಳಿದ್ರೆ ನಂಗೆ ಅಳು ಬರುತ್ತೆ. ಹಂಗಾದ್ರೆ ಆಗಿದ್ದಿದ್ರೆ? ನಂಗೆ ಆಗಿದ್ದಿದ್ರೆ ನಾನು ಮಾವನ ಮನೆಗೇ ಹೋಗ್ಬೇಕಿತ್ತಾ?'

ಅವಳು ಹೋದ ಮೇಲೆ ಆ ಎತ್ತರದ ಕುರ್ಚಿಯಲ್ಲಿ ಕಾಲು ಜೋತುಬಿಟ್ಟು ಕೂತಿದ್ದೆ. ಅಂಥ ಧೈರ್ಯ ಮಾಡಿದೆ ಅಂತ ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆನಲ್ಲ. ಮಾಡಿದ್ದೇನು? ತಪ್ಪು ಅಂತ ಅವರು ಅಂದದ್ದಕ್ಕೆ ಹೌದು ತಪ್ಪು ಅಂದೆ. ಆ ತಪ್ಪನ್ನು ಮಗುವಿನ ತಲೆಯಿಂದ ತೆಗೆದು ನನ್ನ ತಲೆಗೆ ಇಟ್ಟುಕೊಂಡೆ. ಕುಂಭ ಕೈ ಬದಲಾಯಿತು, ಅಷ್ಟೆ. ಸಾಲು ಹಾಗೇ ಇದೆ. ಮುಂದಿನ ವರ್ಷ ಧರಣಿ ಮತ್ತೆ ನಿಲ್ಲಿಸಿ ಕೇಳುತ್ತಾಳೆ.

ಫೆಬ್ರವರಿ 2, ಸೋಮವಾರ

ಪತ್ರ ಬಂತು. ಆಡಳಿತದ ಹಿತದೃಷ್ಟಿಯಿಂದ ರವಿಚಂದ್ರ ಅವರಿಗೆ ಪ್ರಭಾರ. ನಾಳೆ ಪ್ರಾರ್ಥನೆಯಾದ ನಂತರ ನಾನು ಚಾರ್ಜ್ ವಹಿಸಿಕೊಡಬೇಕು. 'ಕನ್ನಡ ಶಿಕ್ಷಕಿಯಾಗಿ ಮುಂದುವರಿಯುವುದು.' ಕಾರಣ ಬರೆದಿಲ್ಲ. ಆ ಪದ ಬರೆಯಲು ಯಾರ ಕೈ ಏಳುತ್ತದೆ?

ನೋವಾಯಿತು. ಆಗಲಿಲ್ಲ ಅಂತ ಬರೆದರೆ ಇದೂ ಸುಳ್ಳಾಗುತ್ತದೆ. ಆ ಕುರ್ಚಿ ನನಗೆ ಬೇಕಿತ್ತು. ನಮ್ಮ ಕೇರಿಯಿಂದ ಬಂದ ಹೆಂಗಸೊಬ್ಬಳು ಅಲ್ಲಿ ಕೂತಳು ಅಂತ ಅವ್ವ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಅವಳಿಗೆ ಪತ್ರದ ವಿಷಯ ಹೇಳಿದೆ. 'ನಾಳೆ ಬೆಳಗ್ಗೆ ತಂಕ ನೀನೇ ತಾನೆ ಎಡ್‌ಮೇಡಮ್ಮು?' ಅಂತ ಕೇಳಿದಳು.

ಹೌದು. ಪ್ರಾರ್ಥನೆ ಮುಗಿಯುವವರೆಗೆ ನಾನೇ.

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ, ಶಾಲೆಯಲ್ಲೇ

ಡೈರಿ ಶಾಲೆಗೆ ತಂದದ್ದು ಇದೇ ಮೊದಲು. ಮಣೆಯನ್ನು ಬ್ಯಾಗಿಗೆ ಹಾಕಿಕೊಂಡೆ. ರವಿಚಂದ್ರ ಮೇಷ್ಟ್ರಿಗೆ ಅದು ಬೇಕಾಗುವುದಿಲ್ಲ, ಕಾಲು ಉದ್ದ ಇದೆ.

ಬೇಗ ಬಂದವರು ನಾವಿಬ್ಬರೇ, ಗಗನ ಮತ್ತು ನಾನು. ಹೇಳಿದೆ: 'ಇವತ್ತು ಮೈಕಿನಲ್ಲಿ ಹೇಳಿಬಿಡ್ತೀನಿ ಕಣೇ. ನಿನ್ನ ಹೆಸರು ಎತ್ತಲ್ಲ.' ಅವಳು, 'ಎತ್ತಿ ಮಿಸ್. ಎತ್ತದೇ ಇದ್ರೆ ಮತ್ತೆ ಮುಚ್ಚಿಟ್ಟಂಗೆ' ಅಂದಳು. ಬಾಗಿಲವರೆಗೆ ಹೋದವಳು ತಿರುಗಿ, 'ಹುಡುಗ್ರನ್ನ ಕಳಿಸ್ಬೇಡಿ, ಅವ್ರೂ ಇರ್ಲಿ' ಅಂದಳು.

ಮಾತು ತೊದಲಬಾರದು. ಬರೆದುಕೊಂಡೇ ಹೋಗುತ್ತೇನೆ.

ಮಕ್ಕಳೇ, ಬೆಳ್ಳಿಹಬ್ಬದ ದಿನ ಒಂದು ಕುಂಭ ಬಿತ್ತು. ಗಗನ ಹಸಿದಿದ್ದಳು, ಬಿದ್ದಳು. ಅವಳಿಗೆ ಮುಟ್ಟಾಗಿರಲಿಲ್ಲ. ನನಗೆ ಆಗಿತ್ತು ಅಂತ ನಾನು ಕಮಿಟಿಯಲ್ಲಿ ಹೇಳಿದ್ದು ಸುಳ್ಳು. ಆದರೆ ಇದಲ್ಲ ನಾನು ಹೇಳಬೇಕಾದ್ದು. ಅವಳಿಗೆ ಆಗಿದ್ದಿದ್ದರೂ —

ಕೆಂಪಯ್ಯ ಬೆಲ್ ಹೊಡೆದ. ಸಾಲು ನಿಲ್ಲುತ್ತಿದೆ. ಕಾರ್ಯದರ್ಶಿಗಳ ಕಾರು ಗೇಟಿನಲ್ಲಿದೆ, ರವಿಚಂದ್ರ ಮೇಷ್ಟ್ರು ಮೈಕ್ ಚೆಕ್ ಮಾಡುತ್ತಿದ್ದಾರೆ. ಗಗನ ಮುಂದೆ ಬಂದು ನಿಂತಿದ್ದಾಳೆ, ಆ ಮೂವರನ್ನೂ ಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡು. ಈ ಸಾಲು ಬರೆದು ಮುಗಿಸಲು ಹೊತ್ತಿಲ್ಲ, ಮೈಕಿನ ಮುಂದೆಯೇ ಮುಗಿಸುತ್ತೇನೆ. ಆಗಿದ್ದಿದ್ದರೂ